ಇಲ್ಲದ ಎಂ.ಎ.ಗೆ ಪುರಾವೆ

ಆಗುವುದಿಲ್ಲ ಎಂದು ಮೊದಲು ಹೇಳಿದವನು ನನ್ನ ಸೋದರಮಾವ, ಐನಾಪುರದ ಸಿದ್ರಾಯ ಮಾಮಾ. ಹೆಸರು ಹಿಡಿದೇ ಬರೆಯುತ್ತಿದ್ದೇನೆ. ‘ಕೆಲವರು ಅನುಮಾನಪಟ್ಟರು’, ‘ಹಿತೈಷಿಗಳು ಎಚ್ಚರಿಸಿದರು’ ಎಂದು ಸುತ್ತಿ ಬಳಸಿ ಬರೆಯುವ ನಯ ನನಗೆ ಬಂದಿಲ್ಲ. ನಾವು ಕುರಿಯವರು. ಯಾರ ಕುರಿ ಯಾರ ಹೊಲಕ್ಕೆ ಬಾಯಿ ಹಾಕಿತು ಎನ್ನುವುದನ್ನು ಹೆಸರು ಹಿಡಿದು ಹೇಳದಿದ್ದರೆ ನಮ್ಮಲ್ಲಿ ಜಗಳ ಶುರುವಾಗುವುದೂ ಇಲ್ಲ, ಮುಗಿಯುವುದೂ ಇಲ್ಲ. ಇನ್ನೊಂದು ಕಾರಣವೂ ಇದೆ. ಸಿಟ್ಟನ್ನು ಬಾಯಲ್ಲಿ ತೀರಿಸಿಕೊಳ್ಳುವ ಭಾಗ್ಯ ನನಗಿಲ್ಲ. ಉಳಿದವರಿಗೆ ಸಿಟ್ಟು ಬಂದರೆ ಬೈಗುಳ ಬರುತ್ತದೆ. ನನಗೆ ಪುಸ್ತಕದ ಕನ್ನಡ ಬರುತ್ತದೆ. ಮೈಯೆಲ್ಲ ನಡುಗುತ್ತ ನಿಂತು, ‘ಇದು ಸಮಂಜಸವಾದ ಮಾತಲ್ಲ’ ಎನ್ನುತ್ತೇನೆ. ಎದುರಿಗಿದ್ದವರು ನಗುತ್ತಾರೆ. ನಮ್ಮ ಅವ್ವ ಕೂಡ ಸೆರಗು ಬಾಯಿಗೆ ಒತ್ತಿಕೊಂಡು ಆ ಕಡೆ ತಿರುಗುತ್ತಾಳೆ. ಆದ್ದರಿಂದ ಬರೆಯುವುದೇ ಮೇಲು. ಓದುವವರು ನಕ್ಕರೂ ನನಗೆ ಕೇಳಿಸುವುದಿಲ್ಲ.

ಸಿದ್ರಾಯ ಮಾಮಾ ಕುರಿಸಂತೆಯ ದಲಾಲಿ. ಮಾರುವವನ ಕೈಯನ್ನೂ ಕೊಳ್ಳುವವನ ಕೈಯನ್ನೂ ಒಂದಾದ ಮೇಲೊಂದು ಟವೆಲ್ಲಿನ ಕೆಳಗೆ ಹಿಡಿದು, ಬಾಯಿ ಬಿಡದೆ ಬೆರಳು ಒತ್ತಿ ವ್ಯಾಪಾರ ಕುದುರಿಸುವುದು ಅವನ ಕಸುಬು. ಆ ಕಸುಬಿನಲ್ಲಿ ಬಾಯಿಗೆ ಕೆಲಸವಿಲ್ಲ. ಅದಕ್ಕೇ ಇರಬೇಕು, ಮನೆಗೆ ಬಂದರೆ ಅವನ ಬಾಯಿ ನಿಲ್ಲುವುದಿಲ್ಲ. ಜಗತ್ತಿನ ಯಾವ ವಿಷಯವನ್ನಾದರೂ ಅವನ ಮುಂದೆ ಇಡಿ, ಅದನ್ನು ಕುರಿಯ ಬಾಯಿಯೊಳಗೆ ಹಾಕಿಯೇ ನೋಡುತ್ತಾನೆ. ಕುರಿಯ ವಯಸ್ಸನ್ನು ವರ್ಷದಲ್ಲಿ ಹೇಳುವುದಿಲ್ಲ, ಹಲ್ಲಿನಲ್ಲಿ ಹೇಳುತ್ತಾರೆ. ಎರಡು ಹಲ್ಲಿನದು, ನಾಲ್ಕು ಹಲ್ಲಿನದು, ಆರು ಹಲ್ಲಿನದು, ಆಮೇಲೆ ಎಂಟೂ ಹಲ್ಲು ಬಂದು ಬಾಯಿ ಕೂಡಿದ್ದು. ನಾನು ಬಿ.ಎ. ಮುಗಿಸಿ ಎಂ.ಎ. ಮಾಡದೆ ನೇರವಾಗಿ ಪಿಎಚ್.ಡಿ.ಗೆ ಹೋಗುತ್ತೇನೆ ಎಂದಾಗ ಅವನು ನಮ್ಮ ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಹಾಕುತ್ತಿದ್ದ. ಸುಣ್ಣ ಹಚ್ಚುವುದನ್ನು ಅಲ್ಲಿಗೇ ನಿಲ್ಲಿಸಿದ.

“ಬಿ.ಎ. ಅಂದ್ರ ಎರಡ ಹಲ್ಲಿಂದ,” ಅಂದ. “ಎಂ.ಎ. ಅಂದ್ರ ನಾಕ ಹಲ್ಲಿಂದ. ನೀ ಹೇಳೂದ ಆರ ಹಲ್ಲಿಂದ. ಎರಡ ಹಲ್ಲಿನ ಕುರಿ ಸಂಜೀಕ ಮಲಗಿ ಮುಂಜಾನೆ ಏಳೂದ್ರಾಗ ಆರ ಹಲ್ಲಿಂದ ಆಗತೈತೇನಬೇ? ನಡುವಿನ ನಾಕ ಎಲ್ಲಿ ಹ್ವಾದುವು?”

“ಹೊಸ ರೂಲ್ ಬಂದೈತಿ ಮಾಮಾ. ನಾಕ ವರ್ಷದ ಬಿ.ಎ. ಮಾಡಿದವ್ರು ಸೀದಾ ಹೋಗಬಹುದು.”

“ರೂಲ್ ಮಾಡಿದವ್ರು ಕುರಿ ಕಂಡಾರೇನ? ಆಗೂದಿಲ್ಲದು. ಬರದ ಇಟಗೋ.”

ಬರೆದು ಇಟ್ಟುಕೊಳ್ಳಲು ಹೇಳಿದ್ದು ಅವನೇ. ಈಗ ಬರೆದಿದ್ದೇನೆ.

ನಮ್ಮ ಮನೆಯಲ್ಲಿ ಪದವಿ ಪಡೆದ ಮೊದಲನೆಯವಳು ನಾನು. ಇದನ್ನು ನಾನು ತಗ್ಗಿದ ದನಿಯಲ್ಲಿ ಹೇಳುವುದಿಲ್ಲ. ಬೇಡಕಿಹಾಳದಿಂದ ನಿಪ್ಪಾಣಿಯ ಕಾಲೇಜಿಗೆ ಹೋಗುವ ಬಸ್ಸಿನಲ್ಲಿ, ಮುಂಜಾನೆ ಹಟ್ಟಿ ಬಳಿದು ಬಂದವಳ ಮೈಗೆ ಕುರಿಯ ವಾಸನೆ ಬರುತ್ತದೆ ಎಂದು ಮೂಗು ಮುರಿದು ಎದ್ದು ಹೋಗುವ ಹುಡುಗಿಯರಿದ್ದರು. ಅವರು ಎದ್ದುಹೋದ ಸೀಟಿನಲ್ಲಿ ಕೂತು ನಾನು ಓದಿದೆ. ಬೇರೆ ದಾರಿಯಲ್ಲಿ ಆ ಬಸ್ಸಿನಲ್ಲಿ ಸೀಟು ಸಿಗುವುದು ಸಾಧ್ಯವಿರಲಿಲ್ಲ. ನಾನು ಕಾಲೇಜು ಸೇರುವಾಗ ಪದವಿ ನಾಲ್ಕು ವರ್ಷದ್ದು ಎಂದಿದ್ದರು. ಬೇಡವಾದವರು ಮೂರನೆಯ ವರ್ಷಕ್ಕೆ ಇಳಿಯಬಹುದು, ನಾಲ್ಕನೆಯ ವರ್ಷ ಉಳಿದು ಸಂಶೋಧನೆ ಮಾಡಿ, ನೂರಕ್ಕೆ ಎಪ್ಪತ್ತೈದರಷ್ಟು ಅಂಕ ತೆಗೆದವರು ಎಂ.ಎ. ಇಲ್ಲದೆಯೇ ಪಿಎಚ್.ಡಿ. ಪ್ರವೇಶ ಪರೀಕ್ಷೆಗೆ ಕೂರಬಹುದು. ಮೂರನೆಯ ವರ್ಷ ಮುಗಿದದ್ದೇ ತಡ, ಸ್ಟ್ಯಾಂಡು ಬಂದಂತೆ ಎಲ್ಲರೂ ಚೀಲ ಹೆಗಲಿಗೆ ಹಾಕಿಕೊಂಡು ಇಳಿದರು. ಆಮೇಲೆ ನಾಲ್ಕನೆಯ ವರ್ಷವೇ ಹೊಸಬರಿಗೆ ಬೇಡವೆಂದೂ ಆಯಿತು. ಉಳಿದ ನಮ್ಮಿಂದ ಒಂದು ಬೆಂಚು ಸರಿಯಾಗಿ ತುಂಬುತ್ತಿರಲಿಲ್ಲ. ಪಾಠಕ್ಕೆ ಬರುವ ಮೇಷ್ಟ್ರು ಬಾಗಿಲಲ್ಲಿ ಒಂದು ಕ್ಷಣ ನಿಂತು, ಸಂತೆ ಕರಗಿದ ಮೇಲೂ ಮಾರಾಟವಾಗದೆ ನಿಂತ ದನಗಳನ್ನು ನೋಡುವಂತೆ ನಮ್ಮನ್ನು ನೋಡುತ್ತಿದ್ದರು.

ಆ ವರ್ಷ ಸಮಾಜಶಾಸ್ತ್ರದಲ್ಲಿ ನಾನು ಆರಿಸಿಕೊಂಡ ವಿಷಯ ಕುರಿ ತರುಬುವುದು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಪೈರು ಕೊಯ್ದ ಹೊಲದಲ್ಲಿ ಕುರಿಹಿಂಡನ್ನು ರಾತ್ರಿ ಮಲಗಿಸಿದರೆ ಹೊಲಕ್ಕೆ ಗೊಬ್ಬರ, ಕುರಿಯವನಿಗೆ ಕಾಳು. ಯಾರ ಹೊಲಕ್ಕೆ ಮೊದಲು, ಯಾರಿಗೆ ಆಮೇಲೆ, ಕಬ್ಬಿನವರಿಗೆ ಎಷ್ಟು ಮರ್ಯಾದೆ, ಜೋಳದವರಿಗೆ ಎಷ್ಟು, ಇದೆಲ್ಲ ಬರೆಯದ ಕರಾರು. ನಮ್ಮ ಅಪ್ಪ ವರ್ಷದ ಅರ್ಧ ಇದೇ ಕರಾರಿನ ಮೇಲೆ ರಾಯಬಾಗದ ಆಚೀಚೆ ಹಿಂಡು ಹೊಡೆದುಕೊಂಡು ತಿರುಗುತ್ತಾನೆ. ಫೋನಿನಲ್ಲಿ ಅವನನ್ನು ಏನು ಕೇಳಿದರೂ “ನಿಮ್ಮವ್ವನ್ನ ಕೇಳ” ಎನ್ನುತ್ತಾನೆ. ಪಿಎಚ್.ಡಿ. ಮಾಡಲೇ ಎಂದಾಗಲೂ ಅದನ್ನೇ ಅಂದ. ಅವ್ವ ಕೇಳಿದ್ದು ಒಂದೇ ಮಾತು: “ಇದನ್ನ ಮಾಡಿದ್ರ ನೀ ಪಾಠ ಹೇಳೂ ಬಾಯಿ ಆಗತೀಯೇನ?” ನಮ್ಮ ಕಡೆ ಹೆಣ್ಣು ಮೇಷ್ಟ್ರಿಗೆ ಬಾಯಿ ಎನ್ನುತ್ತಾರೆ. ಆಗುತ್ತೇನೆ ಎಂದೆ. “ಹಂಗಾರ ಹೋಗು,” ಅಂದಳು. ನಾನು ಪರೀಕ್ಷೆಗೆ ಕೂತೆ, ಸಂದರ್ಶನಕ್ಕೆ ಹೋದೆ, ಸೀಟು ಸಿಕ್ಕಿತು.

ವಿಶ್ವವಿದ್ಯಾಲಯ ಯಾವುದು ಎಂದು ಕೇಳಬೇಡಿ. ಪ್ರಬಂಧ ಒಪ್ಪಿಸುವುದು ಇನ್ನೂ ಬಾಕಿ ಇದೆ, ಅಲ್ಲಿ ನನಗೆ ಕೆಲಸವಿದೆ. ಅಲ್ಲಿಯ ಒಂದು ಕಿಟಕಿಯ ಬಗ್ಗೆ ಮಾತ್ರ ಹೇಳುತ್ತೇನೆ. ಕಿಟಕಿಯ ಹಿಂದೆ ಒಬ್ಬರು ಗುಮಾಸ್ತರು, ಅವರ ಹಿಂದೆ ಒಂದು ಕಂಪ್ಯೂಟರು. ಆ ಕಂಪ್ಯೂಟರಿಗೆ ಎಂ.ಎ. ಬೇಕಿತ್ತು. ಎಂ.ಎ. ಕಾಲಂ ಖಾಲಿ ಬಿಟ್ಟರೆ ಅದು ಮುಂದಕ್ಕೆ ಸರಿಯುತ್ತಿರಲಿಲ್ಲ. “ನಾ ಬಿಟ್ರೂ ಇದು ಬಿಡವಲ್ದರಿ,” ಎಂದು ಗುಮಾಸ್ತರು ಕಂಪ್ಯೂಟರಿನ ಬೆನ್ನು ತಟ್ಟುತ್ತಿದ್ದರು, ಒದೆಯುವ ಎಮ್ಮೆಯನ್ನು ಸಮಾಧಾನ ಮಾಡುವವರ ಹಾಗೆ. ನಾನು ನಿಯಮದ ಪ್ರತಿ ತೋರಿಸಿದೆ. ಅವರು ಓದಿದರು, ಒಪ್ಪಿದರು, ತಲೆಯಾಡಿಸಿದರು, ಆಮೇಲೆ ಅಷ್ಟೇ ಪ್ರೀತಿಯಿಂದ, “ಎಲ್ಲಾ ಬರೊಬ್ಬರಿ ಐತ್ರಿ. ಎಂ.ಎ. ಮಾರ್ಕ್ಸ್ ಕಾರ್ಡೊಂದ ಕೊಡ್ರಿ,” ಅಂದರು. ಫೀ ಕಟ್ಟಲು ಹೋದರೆ ಎಂ.ಎ., ಹಾಸ್ಟೆಲಿಗೆ ಹೋದರೆ ಎಂ.ಎ., ಗ್ರಂಥಾಲಯದ ಕಾರ್ಡಿಗೆ ಎಂ.ಎ. ಅಂತೂ ನನ್ನನ್ನು ತಾತ್ಪೂರ್ತಿಕವಾಗಿ ಒಳಗೆ ಬಿಟ್ಟರು. ತಾತ್ಪೂರ್ತಿಕ ಎಂದರೆ, ಕೋರ್ಸ್ ವರ್ಕ್ ಮುಗಿಸಿ, ಎಲ್ಲ ಪರಿಶೀಲನೆ ಆಗಿ, ನೋಂದಣಿ ಪ್ರಮಾಣಪತ್ರ ಕೈಗೆ ಬರುವವರೆಗೆ ಸೀಟು ನನ್ನದಲ್ಲ. ಏನಾದರೂ ತಕರಾರು ಎದ್ದರೆ ಪಟ್ಟಿಯಲ್ಲಿ ಹಿಂದೆ ಕಾಯುತ್ತಿರುವವರಿಗೆ ಹೋಗುತ್ತದೆ.

ಕಾಯುತ್ತಿರುವವರೆಲ್ಲ ಎಂ.ಎ. ಆದವರು. ಕ್ಯಾಂಟೀನಿನಲ್ಲಿ ನಾನು ಚಹಾ ಹಿಡಿದು ಕೂತರೆ ಪಕ್ಕದ ಟೇಬಲ್ಲಿನಿಂದ ಕೇಳುತ್ತಿತ್ತು: “ಹಂಗಾರ ನಾವೇನ ಹುಚ್ಚರೇನಪಾ, ಎರಡ ವರ್ಷ ಕೂತ ಎಂ.ಎ. ಮಾಡಿದ್ದು?” ನಾನು ಲೋಟ ಎತ್ತಿಕೊಂಡು ಬೇರೆ ಟೇಬಲ್ಲಿಗೆ ಹೋಗುತ್ತಿದ್ದೆ. ಅಲ್ಲೇ ಕೂತು ಉತ್ತರ ಕೊಟ್ಟಿದ್ದರೆ ಅದು ಒಳ್ಳೆಯ ಉತ್ತರವಾಗಿರುತ್ತಿರಲಿಲ್ಲ. ಊರಿಗೆ ಬಂದರೆ ಅಲ್ಲಿ ಇನ್ನೊಂದು ಬಗೆ. ಪಕ್ಕದ ಮನೆಯ ಕಾಕು ಹಿಟ್ಟು ನಾದುತ್ತ ನಮ್ಮ ಅವ್ವನಿಗೆ ಹೇಳಿದಳು: “ಅಲ್ಲ, ಹಿರೇ ಮಗಳನ್ನ ಮನ್ಯಾಗ ಕೂಡಿಸಿ ಕಿರೇ ಮಗಳ ಲಗ್ನ ಮಾಡಿದಂಗ ಆತಲ್ಲವ್ವಾ. ಮಂದಿ ಹಿರೇಕಿಗೆ ಏನರ ಊನ ಐತಿ ಅಂತಾರ.” ಅಂದರೆ ಎಂ.ಎ. ಎನ್ನುವ ನನ್ನ ಹಿರಿಯ ಮಗಳಲ್ಲಿ ಏನೋ ಊನವಿರಬೇಕು, ಅದಕ್ಕೇ ಅವಳನ್ನು ಒಳಗೆ ಬಚ್ಚಿಟ್ಟು ಪಿಎಚ್.ಡಿ.ಗೆ ಬಾಸಿಂಗ ಕಟ್ಟಿದ್ದೇನೆ. ಇದರಲ್ಲಿ ನಗಲು ಏನೂ ಇಲ್ಲ. ಒಬ್ಬಳು ಹುಡುಗಿ ಒಂದು ಮೆಟ್ಟಿಲು ದಾಟಿ ಕಾಲಿಟ್ಟರೆ, ಎಷ್ಟು ಮೇಲೆ ಹೋದಳು ಎಂದು ಯಾರೂ ನೋಡುವುದಿಲ್ಲ. ಆ ಮೆಟ್ಟಿಲಿಗೆ ಬೇಜಾರಾಗಿರಬಹುದೇ ಎಂದು ಇಡೀ ಊರು ವಿಚಾರ ಮಾಡುತ್ತದೆ.

ಇಷ್ಟರಲ್ಲಿ ಬ್ಯಾನರ್ ಬಂತು. ನಮ್ಮ ಕಡೆ ಯಾವ ಸಂತೋಷವೂ ಬಸ್‌ಸ್ಟ್ಯಾಂಡಿನಲ್ಲಿ ಬ್ಯಾನರ್ ಆಗದೆ ಪೂರ್ತಿಯಾಗುವುದಿಲ್ಲ. ಹುಟ್ಟುಹಬ್ಬ, ಸೈನ್ಯಕ್ಕೆ ಭರ್ತಿ, ಸೊಸೈಟಿ ಚುನಾವಣೆ, ಕುಸ್ತಿಯಲ್ಲಿ ಗೆಲುವು, ಎಲ್ಲಕ್ಕೂ ಅದೇ ಕಂಬ, ಅದೇ ಹಗ್ಗ, ಫೋಟೋದ ತಲೆಗೆ ಅದೇ ಕೇಸರಿ ಫೇಟಾ. ನಾನು ಹಾಸ್ಟೆಲಿನಲ್ಲಿದ್ದೆ. ಫೋನಿಗೆ ಒಂದು ಫೋಟೋ ಬಂತು. ಮೊದಲು ನನ್ನ ಮುಖವೇ ಗುರುತಾಗಲಿಲ್ಲ, ಅಷ್ಟು ಬೆಳ್ಳಗೆ ಮಾಡಿದ್ದರು. ಗೋಡೆಗೆ ಸುಣ್ಣ ಬಳಿದು ಕಣ್ಣು ಬರೆದ ಹಾಗೆ ಇದ್ದೆ. ಆಮೇಲೆ ಕೆಳಗಿನ ಅಕ್ಷರ ಓದಿದೆ. ‘ಬೇಡಕಿಹಾಳದ ಹೆಮ್ಮೆಯ ಸುಪುತ್ರಿ ಕು. ಮಹಾದೇವಿ, ಬಿ.ಎ., ಎಂ.ಎ., ಪಿಎಚ್.ಡಿ. ಇವರಿಗೆ ಹಾರ್ದಿಕ ಅಭಿನಂದನೆಗಳು.’ ಕೆಳಗೆ ಶುಭ ಕೋರುವವರ ಸಾಲಿನಲ್ಲಿ ಮೊದಲ ಫೋಟೋ, ಕೈ ಮುಗಿದು ನಿಂತವನು, ಸಿದ್ರಾಯ ಮಾಮಾ.

ಆಗುವುದೇ ಇಲ್ಲ ಎಂದವನು ಆಗಿಯೇ ಹೋಗಿದೆ ಎಂದು ಹಾಕಿಸಿದ್ದ. ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. ನಮ್ಮಲ್ಲಿ ಗರ್ಭಿಣಿಯ ಸೀಮಂತಕ್ಕೇ ಮಗುವಿಗೆ ಪೈಲ್ವಾನ ಎಂದು ಹೆಸರಿಡುವವರಿದ್ದಾರೆ. ಆದರೆ ನನಗಿಲ್ಲದ, ಇಲ್ಲವೆಂದೇ ನಾನು ದಿನಾ ಕಿಟಕಿಯಲ್ಲಿ ನಿಂತು ಒದರುತ್ತಿದ್ದ ಎಂ.ಎ.ಯನ್ನು ನಡುವೆ ತುರುಕಿದ್ದ. ಕೂಡಲೇ ಫೋನ್ ಮಾಡಿ, “ಮಾಮಾ, ಈ ವಿವರ ಸತ್ಯಕ್ಕೆ ದೂರವಾಗಿದೆ,” ಎಂದೆ. ಹಿಂದೆ ಸಂತೆಯ ಗದ್ದಲ ಕೇಳುತ್ತಿತ್ತು. “ಕೇಳಸವಲ್ದು. ಫೋಟೋ ಚಂದ ಬಂದೈತಿಲ್ಲೋ?” ಎಂದು ಫೋನಿಟ್ಟ. ಬ್ಯಾನರನ್ನು ಅವ್ವ ಇಳಿಸಲು ಹೋಗುವ ಹೊತ್ತಿಗೆ ಅದರ ಫೋಟೋ ಚಿಕ್ಕೋಡಿ ಮುಟ್ಟಿ, ಅಥಣಿ ದಾಟಿ, ಕಾಗವಾಡದ ಬೀಗರ ಬೀಗರವರೆಗೂ ಹೋಗಿತ್ತು.

ವಿಶ್ವವಿದ್ಯಾಲಯಕ್ಕೂ ಹೋಗಿತ್ತು. ಹೆಸರಿಲ್ಲದ ಒಂದು ತಕರಾರು ಅರ್ಜಿಯ ಜೊತೆ. ಸದರಿ ವಿದ್ಯಾರ್ಥಿನಿಯು ತಾನು ಪಡೆಯದ ಸ್ನಾತಕೋತ್ತರ ಪದವಿಯನ್ನು ಪಡೆದಿರುವುದಾಗಿ ಸಾರ್ವಜನಿಕವಾಗಿ ಘೋಷಿಸಿಕೊಂಡಿರುವುದರಿಂದ ಆಕೆಯ ಪ್ರವೇಶವನ್ನು ರದ್ದುಪಡಿಸಬೇಕು ಎಂದಿತ್ತು. ಯಾರು ಬರೆದರೋ ಇವತ್ತಿಗೂ ಗೊತ್ತಿಲ್ಲ. ಕನ್ನಡ ಒಳ್ಳೆಯದಿತ್ತು. ಎಂ.ಎ. ಆಗಿರಬೇಕು.

ಕಿಟಕಿಯ ಗುಮಾಸ್ತರು ನನ್ನನ್ನು ಕರೆಸಿದರು. ಈ ಸಲ ಅವರ ಮುಖದಲ್ಲಿ ಪ್ರೀತಿ ಇರಲಿಲ್ಲ.

“ವಿಚಾರಣೆ ಮುಗಿಯೂ ತನಕ ನೋಂದಣಿ ಕೊಡಾಕ ಬರೂದಿಲ್ರಿ. ನೀವು ಎಂ.ಎ. ಮಾಡಿಲ್ಲ ಅನ್ನೂದಕ್ಕ ಪುರಾವೆ ಕೊಡ್ರಿ.”

“ಸರ್, ಮಾಡಿಲ್ಲದ್ದಕ್ಕ ಪುರಾವೆ ಎಲ್ಲಿಂದ ತರ್ಲಿರಿ?”

“ಅದ ನಿಮಗ ಬಿಟ್ಟದ್ದರಿ. ಮಾಡೀನಿ ಅನ್ನಾವ್ರು ಮಾರ್ಕ್ಸ್ ಕಾರ್ಡ್ ತರತಾರ. ಮಾಡಿಲ್ಲ ಅನ್ನಾವ್ರೂ ಏನರ ತರಬೇಕಲ್ರಿ. ಯುನಿವರ್ಸಿಟಿಯಿಂದ, ಇವರು ನಮ್ಮಲ್ಲಿ ಎಂ.ಎ. ಮಾಡಿಲ್ಲ ಅಂತ ಒಂದ ಪತ್ರ ಬರಿಸಿಕೊಂಡ ಬರ್ರಿ.”

“ಯಾವ ಯುನಿವರ್ಸಿಟಿಯಿಂದ್ರಿ?”

“ಎಲ್ಲಿ ಮಾಡಿಲ್ಲೋ ಅಲ್ಲಿಂದ್ರಿ.”

“ನಾ ಎಲ್ಲೂ ಮಾಡಿಲ್ರಿ.”

“ಹಂಗಾರ ಎಲ್ಲಾ ಕಡಿಂದ ತರಬೇಕಾಗತೈತಿ ನೋಡ್ರಿ,” ಎಂದು ಅವರು ನಿಜವಾಗಿಯೂ ಮರುಗಿದರು.

“ಮೊನ್ನಿ ಮೊನ್ನಿ ತನಕ ಎಂ.ಎ. ಎಲ್ಲಿ, ಎಂ.ಎ. ಎಲ್ಲಿ ಅಂತ ಕೇಳತಿದ್ದವ್ರು ನೀವ. ಇಲ್ಲ ಅಂತ ಹೇಳಿ ಹೇಳಿ ನನ್ನ ಗಂಟಲಾ ಹರದೈತಿ. ನಿಮ್ಮಷ್ಟ ದೊಡ್ಡ ಸಾಕ್ಷಿ ನನಗ ಯಾರದಾರ್ರಿ?”

ಅವರು ತಲೆಯಾಡಿಸಿದರು. “ಅದು ಖರೇ ಐತಿ. ಆದ್ರ ಅದು ಬಾಯಿ ಮಾತರಿ.”

ಅಲ್ಲಿಗೆ ನನ್ನ ಪುಸ್ತಕದ ಕನ್ನಡ ಶುರುವಾಯಿತು. ‘ಇದು ವಿವೇಚನಾರಹಿತವಾದ ಬೇಡಿಕೆ’ ಎಂದೆ, ‘ನೈಸರ್ಗಿಕ ನ್ಯಾಯಕ್ಕೆ ವಿರುದ್ಧವಾದುದು’ ಎಂದೆ. ಹಿಂದೆ ಸಾಲಿನಲ್ಲಿ ನಿಂತವರು ಮುಂದೆ ಬಗ್ಗಿ ನೋಡಿದರು. ಗುಮಾಸ್ತರು ಸಂತೋಷದಿಂದ ಒಂದು ಖಾಲಿ ಹಾಳೆ ನನ್ನ ಕಡೆ ತಳ್ಳಿ, “ಭಾಳ ಚಂದ ಹೇಳಿದ್ರಿ. ಇದನ್ನ ಬರದ ಕೊಡ್ರಿ,” ಅಂದರು.

ನನ್ನ ಗೈಡ್ ಮೇಡಂ ಮಾತು ಕಡಿಮೆ. ಎಲ್ಲವನ್ನೂ ಕೇಳಿ, ಕನ್ನಡಕ ಒರೆಸಿಕೊಂಡು, “ನೀನು ಬರೆದದ್ದೂ ಬೇಡ, ಅತ್ತದ್ದೂ ಬೇಡ. ಬ್ಯಾನರ್ ಹಾಕಿಸಿದವರನ್ನು ಸಮಿತಿಯ ಮುಂದೆ ಕರೆದುಕೊಂಡು ಬಾ. ಅವರು ಬಂದು, ಇದು ನಾನು ಮಾಡಿದ್ದು, ಅವಳು ಹೇಳಿದ್ದಲ್ಲ ಎಂದರೆ ಸೀಟು ಉಳಿಯುತ್ತದೆ, ಬರದಿದ್ದರೆ ಹೋಗುತ್ತದೆ,” ಎಂದರು. ನಾನು ಅತ್ತಿರಲಿಲ್ಲ. ಸಿಟ್ಟಿಗೆ ನನ್ನ ಕಣ್ಣು ಹಾಗಾಗುತ್ತವೆ.

ಅವ್ವನನ್ನು ಕರೆದುಕೊಂಡು ಐನಾಪುರಕ್ಕೆ ಹೋದೆ. ಮಾಮಾ ಹಿತ್ತಲಲ್ಲಿ ಒಂದು ಟಗರಿನ ದವಡೆ ಅಗಲಿಸಿ ನೋಡುತ್ತಿದ್ದ. ವಿಷಯ ಹೇಳಿದರೆ ಕೈ ಕೂಡ ತೆಗೆಯಲಿಲ್ಲ.

“ನಾ ಬರೂದಿಲ್ಲ. ಹಂಗ ನೋಡಿದ್ರ ನಾ ನಿನಗ ಚಲೋನ ಮಾಡೀನಿ. ಅಥಣಿ ಸಂತಿ, ಕಾಗವಾಡ ಸಂತಿ, ಎಲ್ಲಾ ಕಡೆ ನಮ್ಮ ತಂಗಿ ಮಗಳು ಎಂ.ಎ. ಮಾಡ್ಯಾಳ ಅಂತ ಹೇಳೀನಿ. ಈಗ ನಾನ ಹೋಗಿ ಇಲ್ಲ ಅಂದ್ರ, ನಾಳಿ ನಾ ಒಂದ ಕುರಿ ತೋರಿಸಿ ಇದು ಗಬ್ಬ ಐತಿ ಅಂದ್ರ ಯಾರ ನಂಬತಾರ? ದಲಾಲಿಗೆ ಮಾತ ಬಿಟ್ರ ಏನೈತಿ?”

“ನಿಮ್ಮ ಮಾತಿನ ಪ್ರತಿಷ್ಠೆಗಾಗಿ ನನ್ನ ಭವಿಷ್ಯವನ್ನು ಬಲಿಗೊಡಲಾಗದು,” ಎಂದೆ.

“ತಂಗೀ, ನಿನ್ನ ಮಗಳ ರೇಡಿಯೋ ಚಾಲೂ ಆತ ನೋಡ,” ಅಂದ ಮಾಮಾ. ಟಗರು ಕೂಡ ನನ್ನ ಕಡೆ ತಿರುಗಿತು.

ಅವ್ವ ನಗಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಹಾಗೆ ಸಿಕ್ಕಿಸಿಕೊಂಡಾಗ ನಮ್ಮ ಅಪ್ಪ ಹಿಂಡು ಹೊಡೆದುಕೊಂಡು ಹೊರಟುಬಿಡುತ್ತಾನೆ. “ಅಣ್ಣಾ, ನೀ ಬರಬ್ಯಾಡ. ನಾ ಹೋಗತೀನಿ,” ಅಂದಳು. “ಆದ್ರ ನಾ ಹೋಗಿ ನಿಂತ್ರ, ನಮ್ಮಣ್ಣ ಸುಳ್ಳ ಹೇಳ್ಯಾನ್ರಿ ಅನ್ನಬೇಕಾಗತೈತಿ. ನೀ ಹೋದ್ರ, ನನ್ನ ಕೈ ತಪ್ಪ ಆತರಿ ಅಂದ್ರ ಮುಗೀತು. ಎರಡರಾಗ ಯಾವದ ಚಲೋ ಅಂತ ನೀನ ಬೆರಳ ಒತ್ತಿ ನೋಡ್ಕೋ. ಇನ್ನೊಂದ, ಹುಡುಗಿ ಸೀಟ ಹೋತಂದ್ರ ಈ ಪಂಚಮಿಗೆ ನನ್ನ ದಾರಿ ಕಾಯಬ್ಯಾಡ.”

ಪಂಚಮಿಗೆ ತವರಿಗೆ ಬರುವುದಿಲ್ಲ ಎಂದು ತಂಗಿ ಅಂದಳೆಂದರೆ ಅಣ್ಣ ಸಂತೆಯಲ್ಲಿ ತಲೆಯೆತ್ತಿ ತಿರುಗುವ ಹಾಗಿಲ್ಲ. ಮಾಮಾ ಟಗರಿನ ಬಾಯಿ ಬಿಟ್ಟ. ಕೈಯನ್ನು ಧೋತರಕ್ಕೆ ಒರೆಸಿಕೊಂಡು, ಯಾವ ಬಸ್ಸಿಗೆ ಹೋಗಬೇಕೆಂದು ಕೇಳಿದ.

ವಿಚಾರಣೆಯ ದಿನ ಅವನು ಬಿಳಿ ಪಟಕಾ ಸುತ್ತಿ, ಹೆಗಲಿಗೆ ಹೊಸ ಟವೆಲ್ ಹಾಕಿಕೊಂಡು ಬಂದ. ಸಮಿತಿಯಲ್ಲಿ ಮೂವರು ಪ್ರಾಧ್ಯಾಪಕರು ಕೂತಿದ್ದರು. ನಾನು ಒಂದು ಮೂಲೆಯಲ್ಲಿ, ಮೇಡಂ ನನ್ನ ಪಕ್ಕ, ನಾನು ಬಾಯಿ ತೆರೆಯದಂತೆ ಕಾವಲಿಗೆ. ಕುರ್ಚಿ ತೋರಿಸಿದರೂ ಮಾಮಾ ಕೂರಲಿಲ್ಲ. ನಿಂತುಕೊಂಡೇ ಅಧ್ಯಕ್ಷರ ಹತ್ತಿರ ಸರಿದು, ಕಸುಬಿನ ಚಾಳಿಯಿಂದ ಟವೆಲ್ಲನ್ನು ಹೆಗಲಿನಿಂದ ಇಳಿಸಿ ಅವರ ಕೈಯ ಮೇಲೆ ಹೊದಿಸಲು ಹೋದ. ಅಧ್ಯಕ್ಷರು ಕೈ ಹಿಂದೆಗೆದುಕೊಂಡರು. “ಬಾಯಲ್ಲೇ ಹೇಳಿ,” ಎಂದರು.

“ಬ್ಯಾನರ್ ಹಾಕಿಸಿದಾಂವ ನಾನ್ರಿ. ಆಕಿಗೆ ಗೊತ್ತಿರಲಿಲ್ರಿ. ಗೊತ್ತಾದ ಕೂಡಲೆ ಫೋನಿನ್ಯಾಗ ಪುಸ್ತಕ ಓದಿದಂಗ ಬೈದಾಳ್ರಿ.”

“ಆಕೆ ಎಂ.ಎ. ಮಾಡಿಲ್ಲ ಎನ್ನುವುದು ನಿಮಗೆ ಗೊತ್ತಿತ್ತೇ?”

“ಗೊತ್ತಿತ್ತರಿ. ಅದರ ಸಂಬಂಧನ ಆಕಿ ಕೂಡ ಜಗಳಾ ಮಾಡೀನ್ರಿ.”

“ಮತ್ತೆ ಯಾಕೆ ಬರೆಸಿದಿರಿ?”

ಮಾಮಾ ಟವೆಲ್ಲನ್ನು ಮಡಚಿ ಮತ್ತೆ ಬಿಚ್ಚಿದ. “ಬಿ.ಎ. ಆದ ಮ್ಯಾಲ ಸೀದಾ ಪಿಎಚ್.ಡಿ. ಅಂತ ಬರದ್ರ ಓದಿದವ್ರು ಸುಳ್ಳ ಅಂತಾರ್ರಿ,” ಅಂದ. “ಬಸ್‌ಸ್ಟ್ಯಾಂಡಿನ್ಯಾಗ ನಿಂತ ನಗತಾರ. ಖರೇದ ಖರೇ ಅನ್ನಿಸಲಿ ಅಂತ ನಡುವ ಒಂದ ಸುಳ್ಳ ಇಟ್ನಿರಿ. ಸಂತಿಗೆ ಒಯ್ಯೂ ಮುಂದ ಟಗರಿನ ಕೋಡಿಗೆ ಎಣ್ಣಿ ಹಚ್ಚೂದಿಲ್ರಿ? ಟಗರ ಖರೇನ ಚಲೋ ಇರತೈತಿ. ಆದ್ರೂ ಹಚ್ಚತೀವಿ.”

ಮೂವರಲ್ಲಿ ಒಬ್ಬರು ಕೆಮ್ಮಿದರು. ಅಧ್ಯಕ್ಷರು ಬ್ಯಾನರಿನ ಫೋಟೋವನ್ನು ಇನ್ನೊಮ್ಮೆ ನೋಡಿ, “ಅಲ್ಲರೀ, ಎಂ.ಎ. ಇರಲಿ, ಪಿಎಚ್.ಡಿ. ಕೂಡ ಆಕೆಗೆ ಇನ್ನೂ ಆಗಿಲ್ಲವಲ್ಲ. ಅದೂ ಸುಳ್ಳೇ ಆಯಿತಲ್ಲ,” ಎಂದರು.

“ಅದು ಸುಳ್ಳಲ್ರಿ,” ಅಂದ ಮಾಮಾ. “ಅದು ಸಂಚಕಾರ ಕೊಟ್ಟಂಗರಿ. ಆಕಿ ಮಾಡೇ ಮಾಡತಾಳ.”

ಹಿಡಿದ ಮಾತಿಗೆ ಮುಂಗಡ ಕೊಡುವುದನ್ನು ಸಂತೆಯಲ್ಲಿ ಸಂಚಕಾರ ಎನ್ನುತ್ತಾರೆ. ಈ ಮಾತನ್ನು ಅವನ ಬಾಯಿಂದ ಕೇಳಬೇಕೆಂದು ನಾನು ಹಲ್ಲು ಕಚ್ಚಿ ಕಾದಿದ್ದೆ. ಕೇಳಿಸಿಕೊಂಡ ದಿನ ಏನೇನು ತಿರುಗಿ ಹೇಳಬೇಕೆಂದು ಮನಸ್ಸಿನಲ್ಲಿ ಸಾಲು ಜೋಡಿಸಿಟ್ಟಿದ್ದೆ, ಎಲ್ಲ ಶುದ್ಧ ಪುಸ್ತಕದ ಕನ್ನಡದಲ್ಲಿ. ಅವನು ಅದನ್ನು ನನ್ನ ಕಡೆ ತಿರುಗಿಯೂ ನೋಡದೆ, ಪರಿಚಯವಿಲ್ಲದ ಮೂವರ ಮುಂದೆ, ನಿಪ್ಪಾಣಿ ಬಸ್ಸು ಇಲ್ಲೇ ನಿಲ್ಲುತ್ತದೆ ಎನ್ನುವವನ ಹಾಗೆ ಹೇಳಿಬಿಟ್ಟ. ನನಗೆ ಸಿಟ್ಟು ಮಾಡಲು ಹಿಡಿಕೆಯೇ ಸಿಗದೆ ಹೋಯಿತು. ಅದಕ್ಕೂ ಸಿಟ್ಟು ಬಂತು.

ಅದೃಷ್ಟಕ್ಕೆ ಆ ಸಿಟ್ಟಿಗೆ ತಕ್ಷಣ ಬೇರೆ ಜಾಗ ಸಿಕ್ಕಿತು. ಇಷ್ಟು ಹೊತ್ತು ಸುಮ್ಮನಿದ್ದ ಮೂರನೆಯ ಪ್ರಾಧ್ಯಾಪಕರು ಮುಂದೆ ಬಾಗಿ, “ಅದೆಲ್ಲ ಇರಲಿ. ಎಂ.ಎ. ಇಲ್ಲದೆ ಈಕೆಯನ್ನು ಒಳಗೆ ತೆಗೆದುಕೊಂಡದ್ದು ಹೇಗೆ?” ಎಂದು ಕೇಳಿದರು. ನನ್ನನ್ನು ವಿಚಾರಣೆ ಮಾಡಲು ಕೂತವರಿಗೇ ನಿಯಮ ಗೊತ್ತಿರಲಿಲ್ಲ. ನಾನು ಎದ್ದೇಬಿಟ್ಟೆ. ಮೇಡಂ ನನ್ನ ಓಢಣಿ ಹಿಡಿದು ಕೂಡಿಸಿದರು. ಚೀಲದಿಂದ ನಿಯಮದ ಪ್ರತಿ ತೆಗೆದು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಮೆಲ್ಲಗೆ, ಒಂದೇ ದನಿಯಲ್ಲಿ ಓದಿದರು. ಓದಿ ಮುಗಿದ ಮೇಲೆ ಪ್ರತಿಯನ್ನು ಮೂರನೆಯವರ ಮುಂದೆ ಸರಿಸಿದರು. ಮಾಮಾ ನನ್ನ ಹತ್ತಿರ ಬಗ್ಗಿ, “ಅಂದ್ರ ಇದು ಖರೇನ ಐತಿ?” ಎಂದು ಪಿಸುಗುಟ್ಟಿದ. ಅವನು ಆ ತನಕ ನಂಬಿರಲಿಲ್ಲ. ರೂಲನ್ನು ನಂಬಿರಲಿಲ್ಲ, ನಾನು ಮಾಡುತ್ತೇನೆ ಎನ್ನುವುದನ್ನು ಮಾತ್ರ ನಂಬಿದ್ದ. ಇವೆರಡನ್ನೂ ಒಂದೇ ತಲೆಯಲ್ಲಿ ಅವನು ಹೇಗೆ ಇಟ್ಟುಕೊಂಡಿದ್ದನೋ, ನನ್ನ ನಾಲ್ಕು ವರ್ಷದ ಸಮಾಜಶಾಸ್ತ್ರಕ್ಕೆ ಗೊತ್ತಾಗಲಿಲ್ಲ.

ಮಾಮಾನ ಹೇಳಿಕೆಯನ್ನು ಬರೆಸಿಕೊಂಡು, ಸಹಿ ಹಾಕಿಸಿಕೊಂಡು, ತಕರಾರು ವಜಾ ಮಾಡಿದರು. ಬಸ್ಸಿನಲ್ಲಿ ಮಾಮಾ ಕಿಟಕಿಯ ಪಕ್ಕ ಕೂತು ಚಿಕ್ಕೋಡಿಯವರೆಗೂ ಕಬ್ಬು ನೋಡಿದ. ತಪ್ಪಾಯಿತು ಎಂದು ಇವತ್ತಿನ ತನಕ ಅಂದಿಲ್ಲ. ಅಥಣಿ ಸಂತೆಯಲ್ಲಿ ಈಗ, ‘ನಮ್ಮ ತಂಗಿ ಮಗಳಿಗೆ ಎಂ.ಎ. ಬೇಕಾಗಲೇ ಇಲ್ಲ’ ಎಂದು ಹೇಳುತ್ತ ತಿರುಗುತ್ತಿದ್ದಾನಂತೆ. ಇದನ್ನು ಕೇಳಿದಾಗಲೂ ನನಗೆ ಸಿಟ್ಟು ಬಂತು, ಯಾಕೆಂದು ಹೇಳಲಾರೆ. ಒಂದು ಸಲ ರೂಢಿಯಾದ ಸಿಟ್ಟು ಕಾರಣ ಮುಗಿದರೂ ಬಾಗಿಲಲ್ಲಿ ಬಂದು ನಿಲ್ಲುತ್ತದೆ, ಹಾಲು ಬತ್ತಿದ ಮೇಲೂ ಬಟ್ಟಲು ಹಿಡಿದು ಬರುವ ಪಕ್ಕದ ಮನೆಯ ಕಾಕುವಿನ ಹಾಗೆ.

ನೋಂದಣಿ ಪ್ರಮಾಣಪತ್ರ ತರಲು ಹೋದ ದಿನ ಅವ್ವ ನನ್ನ ಜೊತೆ ಬಂದಳು. “ಏನ ಕೊಡತಾರ ನೋಡೂಣು,” ಅಂದಳು. ಅದೇ ಕಿಟಕಿ, ಅದೇ ಗುಮಾಸ್ತರು. ಕಂಪ್ಯೂಟರು ಕೊನೆಗೂ ಸೋತಿತ್ತು. ಸಹಿ ತೆಗೆದುಕೊಂಡು, ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು ಕಿಟಕಿಯಿಂದ ಹೊರಗೆ ಚಾಚಿದರು. ನಾನು ಕೈ ನೀಡುವ ಮೊದಲೇ ಅವ್ವ ಸೆರಗೊಡ್ಡಿ ತೆಗೆದುಕೊಂಡಳು. ಅವಳಿಗೆ ಓದಲು ಬರುವುದಿಲ್ಲ. ಬೇವಿನ ಗಿಡದ ಕೆಳಗಿನ ಕಟ್ಟೆಗೆ ಹೋಗಿ ಕೂತು, “ಏನ ಬರದಾರ, ಪೂರಾ ಓದ,” ಅಂದಳು.

ಓದಿದೆ. ನನ್ನ ಹೆಸರು, ಅಪ್ಪನ ಹೆಸರು, ಊರು, ವಿಷಯ, ಗೈಡ್ ಮೇಡಂ ಹೆಸರು, ಇವರನ್ನು ಪಿಎಚ್.ಡಿ. ಸಂಶೋಧನಾ ವಿದ್ಯಾರ್ಥಿನಿಯಾಗಿ ನೋಂದಾಯಿಸಿಕೊಳ್ಳಲಾಗಿದೆ. ನನ್ನ ದನಿ ಸ್ವಲ್ಪ ಎತ್ತರವಾಗಿಯೇ ಇತ್ತು. ಕ್ಯಾಂಟೀನಿಗೆ ಹೋಗುವವರಿಗೂ ಕೇಳಲಿ ಎಂದು.

ಅವ್ವ ಕಾಗದವನ್ನು ತಿರುಗಿಸಿ ಹಿಂಬದಿಯನ್ನೂ ನೋಡಿದಳು.

“ಎಂ.ಎ. ಆಗಿಲ್ಲ ಅಂತ ಇದರಾಗ ಎಲ್ಲೆರ ಬರದಾರೇನ?”

“ಇಲ್ಲ ಬೇ.”

“ಸರೀತ್ನಾಗಿ ನೋಡ.”

“ಎಲ್ಲೂ ಇಲ್ಲ.”

ಅವಳು ಒಮ್ಮೆ ಸುತ್ತ ಮುತ್ತ ಕಣ್ಣಾಡಿಸಿದಳು. ಕಾಗದವನ್ನು ನಾಜೂಕಾಗಿ ಚೀಲದೊಳಗೆ, ರೊಟ್ಟಿ ಗಂಟಿನ ಕೆಳಗೆ ಇಟ್ಟಳು.

“ಹಂಗಾರ ಸುಮ್ನಿರು,” ಅಂದಳು. “ನೀನಾಗಿ ಯಾರ ಮುಂದೂ ಹೇಳಾಕ ಹೋಗಬ್ಯಾಡ.”